ಹದಿಹರೆಯದ ಮಕ್ಕಳಿಗೆ ನೆಮ್ಮದಿಯ ಬೇಸಿಗೆ ರಜೆ: ಯಾವುದು ಮೊದಲು, ಯಾವುದು ಆಮೇಲೆ

ರಜೆ ಶುರುವಾದ ಹತ್ತನೆಯ ದಿನಕ್ಕೆ ಬಹುತೇಕ ಮನೆಗಳಲ್ಲಿ ಒಂದೇ ಜಗಳ. ಮಗ ಹನ್ನೊಂದಕ್ಕೆ ಏಳುತ್ತಾನೆ. ಮಗಳು ಕೋಣೆಯ ಬಾಗಿಲು ತೆರೆಯುವುದಿಲ್ಲ. ದುಡ್ಡು ಕಟ್ಟಿ ಸೇರಿಸಿದ ಶಿಬಿರಕ್ಕೆ ಹೊರಡುವ ಹೊತ್ತಿಗೆ ಮೂರನೆಯ ದಿನವೇ ಹೊಟ್ಟೆನೋವು. ಅಪ್ಪ ಅಮ್ಮಂದಿರು ಮಾಡಿದ ಕೆಲಸಗಳನ್ನು ಒಂದೊಂದಾಗಿ ನೋಡಿದರೆ ತಪ್ಪೇನೂ ಕಾಣುವುದಿಲ್ಲ. ಕ್ರಮ ಮಾತ್ರ ತಲೆಕೆಳಗಾಗಿರುತ್ತದೆ. ವೇಳಾಪಟ್ಟಿ ಮೊದಲು ಬಂದಿರುತ್ತದೆ, ವಿಶ್ರಾಂತಿ ಕೊನೆಗೆ. ನಿಯಮ ಮೊದಲು, ಮಾತುಕತೆ ಆಮೇಲೆ.

ಈ ಮಾರ್ಗದರ್ಶಿ 13ರಿಂದ 18 ವಯಸ್ಸಿನ ಮಕ್ಕಳಿರುವ ಮನೆಗಳಿಗೆ. ರಜೆ ಆರರಿಂದ ಎಂಟು ವಾರ ಎಂದಿಟ್ಟುಕೊಂಡು ಬರೆದಿದ್ದೇನೆ. ನಿಮ್ಮದು ಚಿಕ್ಕದಾದರೆ ಹಂತಗಳನ್ನು ಕುಗ್ಗಿಸಿ, ಆದರೆ ಅದಲು ಬದಲು ಮಾಡಬೇಡಿ.

ಮೊದಲು ಕೈಗೆ ಸಿಗಬೇಕಾದವು

ಗೋಡೆಗೆ ಅಂಟಿಸುವಷ್ಟು ದೊಡ್ಡ ಹಾಳೆ ಒಂದು, ಅಳಿಸಬಹುದಾದ ಪೆನ್ಸಿಲ್ ಒಂದು. ಮೊಬೈಲ್ ಅಲ್ಲದ ಅಲಾರಂ ಗಡಿಯಾರ. ಮಲಗುವ ಕೋಣೆಯಿಂದ ಹೊರಗೆ, ಎಲ್ಲರ ಫೋನುಗಳಿಗೂ ಸಾಲುವ ಒಂದು ಚಾರ್ಜಿಂಗ್ ಜಾಗ. ರಜೆಯ ಪೂರ್ತಿ ಕೈಖರ್ಚಿಗೆ ನಿಮಗೆ ಎಟುಕುವ ಒಂದು ಮೊತ್ತ. ಇವಿಷ್ಟೇ. ಹೊಸ ಪುಸ್ತಕ, ಹೊಸ ಆಟದ ಸಾಮಾನು, ಆನ್‌ಲೈನ್ ಕೋರ್ಸ್ ಯಾವುದನ್ನೂ ಈಗ ಕೊಳ್ಳಬೇಡಿ. ಕೊಂಡದ್ದನ್ನು ಬಳಸಲಿಲ್ಲ ಎಂಬ ಸಿಟ್ಟು ಮುಂದಿನ ಎಲ್ಲ ಹಂತಗಳನ್ನೂ ಕೆಡಿಸುತ್ತದೆ.

ಹಂತ 1: ರಜೆಗೆ ಒಂದು ವಾರ ಮೊದಲು, ನಿಮ್ಮ ಆಸೆಗಳ ಪಟ್ಟಿಯನ್ನು ಕತ್ತರಿಸಿ

ಇದು ಮಕ್ಕಳಿಲ್ಲದಾಗ ಮಾಡುವ ಕೆಲಸ. ಈ ರಜೆಯಲ್ಲಿ ಮಗ ಅಥವಾ ಮಗಳು ಏನೇನು ಮಾಡಬೇಕು ಎಂದು ನಿಮ್ಮ ಮನಸ್ಸಿನಲ್ಲಿದೆಯೋ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಗಣಿತ ಗಟ್ಟಿಯಾಗಬೇಕು, ಈಜು ಬರಬೇಕು, ಕೋಣೆ ಒಪ್ಪವಾಗಬೇಕು, ಅಜ್ಜಿಯ ಹತ್ತಿರ ನಾಲ್ಕು ದಿನ ಇರಬೇಕು, ತೂಕ ಇಳಿಯಬೇಕು, ಅಕ್ಷರ ದುಂಡಗಾಗಬೇಕು. ನಾನು ಬರೆದಾಗ ಹದಿನಾರು ಸಾಲಾಗಿತ್ತು. ಶಾಲೆಯಲ್ಲೂ ಅಷ್ಟು ವಿಷಯಗಳಿರುವುದಿಲ್ಲ.

ಈಗ ಆ ಪಟ್ಟಿಯಲ್ಲಿ ತಪ್ಪಿಸಲಾಗದವನ್ನು ಮಾತ್ರ ಗುರುತು ಮಾಡಿ: ತಾರೀಖು ಗೊತ್ತಾಗಿರುವ ಪ್ರವೇಶ ಪರೀಕ್ಷೆ, ಹಲ್ಲಿನ ವೈದ್ಯರ ಭೇಟಿ, ಶಾಲೆ ಕೊಟ್ಟ ರಜೆಯ ಕೆಲಸ. ಉಳಿದವುಗಳಲ್ಲಿ ಒಂದೇ ಒಂದನ್ನು ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಹೊಡೆದು ಹಾಕಿ. ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಗೊಂದಲವಾದರೆ, ಅದು ಆಗದಿದ್ದರೆ ಮುಂದಿನ ವರ್ಷ ನಿಜವಾಗಿ ಯಾರಿಗೆ ತೊಂದರೆ ಎಂದು ಕೇಳಿಕೊಳ್ಳಿ. ಎಷ್ಟೋ ಸಾಲುಗಳ ಹಿಂದೆ ಇರುವುದು ಪಕ್ಕದ ಮನೆಯ ಮಕ್ಕಳು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ಹೊಡೆದು ಹಾಕಿದ ಸಾಲುಗಳನ್ನು ಬಾಯಲ್ಲಿ ಇಟ್ಟುಕೊಂಡಿರುವುದು. "ಸುಮ್ಮನೆ ಹೇಳಿದೆ ಅಷ್ಟೇ" ಎಂದು ದಿನಕ್ಕೆರಡು ಬಾರಿ ಈಜಿನ ಸುದ್ದಿ ತೆಗೆದರೆ ಅದು ಪಟ್ಟಿಯಲ್ಲಿ ಇದ್ದ ಹಾಗೆಯೇ.

ಹಂತ 2: ಮೊದಲ ಏಳು ದಿನ ಮುಟ್ಟಬೇಡಿ

ತಿಂಗಳುಗಟ್ಟಲೆ ಅರ್ಧ ನಿದ್ದೆಯಲ್ಲಿ ಓಡಿದ ದೇಹ ಮೊದಲು ನಿದ್ದೆಯ ಸಾಲ ತೀರಿಸುತ್ತದೆ. ಹತ್ತು, ಹನ್ನೊಂದು ಗಂಟೆಯವರೆಗೆ ಮಲಗುವುದು, ಮಧ್ಯಾಹ್ನ ಮತ್ತೆ ಒರಗುವುದು, ಕಾಲನ್ನು ಗೋಡೆಗೆ ಆನಿಸಿ ಛಾವಣಿ ನೋಡುವುದು ಎಲ್ಲ ಈ ವಾರದಲ್ಲಿ ನಡೆಯಲಿ. ಬೇಡುವುದು ಎರಡೇ: ದಿನಕ್ಕೆ ಒಂದು ಊಟ ಮನೆಯವರ ಜೊತೆ, ಮತ್ತು ಬೆಳಕು ಹರಿಯುವವರೆಗೆ ಎಚ್ಚರ ಕೂರುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಈ ಹಂತದಲ್ಲಿ. ನಾಲ್ಕನೆಯ ದಿನಕ್ಕೆ ದೊಡ್ಡವರ ತಾಳ್ಮೆ ಮುಗಿಯುತ್ತದೆ, ಐದನೆಯ ದಿನ ಉಪದೇಶ ಶುರು. ನಿಮಗೆ ತಡೆಯಲಾಗದಿದ್ದರೆ ಆ ವಾರ ಅವರ ಕೋಣೆಯ ಕಡೆ ಹೋಗುವ ಕೆಲಸಗಳನ್ನೇ ಕಡಿಮೆ ಮಾಡಿಕೊಳ್ಳಿ. ನಾನು ಕಪಾಟು ಜೋಡಿಸಿದೆ.

ಎಚ್ಚರಿಕೆಯ ಸೂಚನೆ: ಹತ್ತು ದಿನ ಬೇಕಾದಷ್ಟು ನಿದ್ದೆ ಮಾಡಿದ ಮೇಲೂ ಸುಸ್ತು ಇಳಿಯದಿದ್ದರೆ ಅದನ್ನು ಸೋಮಾರಿತನ ಎಂದು ಬಿಡಬೇಡಿ. ರಕ್ತಹೀನತೆ, ಥೈರಾಯ್ಡ್, ಮನಸ್ಸಿನ ಕುಗ್ಗುವಿಕೆ ಎಲ್ಲವೂ ಹೊರಗಿನಿಂದ ಸೋಮಾರಿತನದಂತೆಯೇ ಕಾಣುತ್ತವೆ. ವೈದ್ಯರಿಗೆ ತೋರಿಸಿ.

ಹಂತ 3: ಎರಡನೆಯ ವಾರದಲ್ಲಿ ಒಂದು ಮಾತುಕತೆ

ಜಾಗ ಮುಖ್ಯ. ಎದುರುಬದುರು ಕುಳಿತು "ನಿನ್ನ ಹತ್ತಿರ ಸ್ವಲ್ಪ ಮಾತಾಡಬೇಕಿತ್ತು" ಎಂದರೆ ಹದಿನೈದರ ಮಗುವಿಗೆ ಅದು ವಿಚಾರಣೆ. ಅಕ್ಕಪಕ್ಕ ನಡೆಯುವಾಗ, ಬಟ್ಟೆ ಮಡಚುವಾಗ, ವಾಹನದಲ್ಲಿ ಹೋಗುವಾಗ ಮಾತು ತೆಗೆಯಿರಿ. ಕಣ್ಣಿಗೆ ಕಣ್ಣು ಕೊಡಬೇಕಿಲ್ಲದಿದ್ದಾಗ ಬಾಯಿ ತಾನಾಗಿ ಸಡಿಲವಾಗುತ್ತದೆ.

"ರಜೆಯಲ್ಲಿ ಏನು ಮಾಡುತ್ತೀಯಾ?" ಎಂಬ ಪ್ರಶ್ನೆಗೆ ಇರುವ ಉತ್ತರ "ಗೊತ್ತಿಲ್ಲ" ಒಂದೇ. ಬದಲಿಗೆ ಈ ಮೂರನ್ನು ಕೇಳಿ. ಕಳೆದ ವರ್ಷ ಯಾವುದು ಸಾಕಾಗಿ ಹೋಗಿತ್ತು? ಈ ರಜೆಯಲ್ಲಿ ಯಾವುದನ್ನು ಖಂಡಿತ ಮಾಡುವುದಿಲ್ಲ? ಯಾರನ್ನು ನೋಡಬೇಕು ಅನ್ನಿಸುತ್ತದೆ? ಬೇಡದ್ದನ್ನು ಹೇಳುವುದು ಸುಲಭ. ಬೇಕಾದದ್ದು ಅದರ ಹಿಂದೆ ಬರುತ್ತದೆ.

ಅಕ್ಕನ ಮಗಳು ಒಂದು ರಜೆಯಲ್ಲಿ ನಮ್ಮಲ್ಲಿದ್ದಳು, ಹದಿನೈದು ವಯಸ್ಸು. ಅವಳ ಅಮ್ಮ ನೃತ್ಯದ ತರಗತಿಗೆ ಆಗಲೇ ಹಣ ಕಟ್ಟಿದ್ದರು. ಒಗೆದ ಬಟ್ಟೆ ಮಡಚುತ್ತಿದ್ದೆವು. ಯಾವುದು ಬೇಡ ಎಂದು ಕೇಳಿದೆ. ಅವಳು ಒಂದು ಟವೆಲನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮೂರು ಮಡಿಕೆ ಮಾಡಿದಳು. "ಯಾರಾದರೂ ನೋಡುತ್ತಾ ಇರುವಂಥದ್ದು ಯಾವುದೂ ಬೇಡ ಚಿಕ್ಕಮ್ಮಾ" ಎಂದಳು. ವರ್ಷವಿಡೀ ಅಂಕ, ಶ್ರೇಣಿ, ವೇದಿಕೆ. ನೃತ್ಯ ಅವಳಿಗೆ ಇಷ್ಟವೇ. ಕೊನೆಯ ದಿನದ ಪ್ರದರ್ಶನ ಬೇಡವಾಗಿತ್ತು. ತರಗತಿಗೆ ಹೋದಳು, ಪ್ರದರ್ಶನದ ದಿನ ಮನೆಯಲ್ಲಿ ಉಳಿದಳು. ಕಟ್ಟಿದ ಹಣವೂ ದಂಡವಾಗಲಿಲ್ಲ.

ಈ ಮಾತುಕತೆಯಲ್ಲಿ ನೀವು ಮಾಡಬಾರದ್ದು, ಕೇಳಿದ ತಕ್ಷಣ ಪರಿಹಾರ ಕೊಡುವುದು. ಉತ್ತರ ಬಂದರೆ "ಹೌದಾ" ಎಂದು ಸುಮ್ಮನಿರಿ. ಮೊದಲ ದಿನ ಏನೂ ಸಿಗದಿದ್ದರೆ ಎರಡು ದಿನ ಬಿಟ್ಟು ಮತ್ತೊಂದು ರಾಶಿ ಬಟ್ಟೆ.

ಹಂತ 4: ಗೋಡೆಯ ಹಾಳೆಯನ್ನು ತುಂಬುವ ಕ್ರಮ

ಹಾಳೆಯಲ್ಲಿ ವಾರಗಳ ಚೌಕ ಹಾಕಿ. ತುಂಬುವ ಕ್ರಮ ಹೀಗಿರಲಿ: ಮೊದಲು ಬದಲಾಯಿಸಲಾಗದ ತಾರೀಖುಗಳು. ಎರಡನೆಯದಾಗಿ ಖಾಲಿ ದಿನಗಳು. ಹೌದು, ಖಾಲಿ ಎಂದು ಪೆನ್ಸಿಲಿನಲ್ಲಿ ಬರೆಯಿರಿ, ವಾರಕ್ಕೆ ಕನಿಷ್ಠ ಮೂರು. ಮೂರನೆಯದಾಗಿ ಅವರು ಆರಿಸಿದ್ದು. ಕೊನೆಗೆ, ಜಾಗ ಉಳಿದರೆ, ನೀವು ಇಟ್ಟುಕೊಂಡ ಆ ಒಂದು ಸಾಲು. ಪೆನ್ಸಿಲ್ ಅವರ ಕೈಯಲ್ಲಿರಬೇಕು.

ಖಾಲಿ ದಿನವನ್ನು ಕೊನೆಗೆ ಬಿಟ್ಟರೆ ಅದು ಉಳಿಯುವುದೇ ಇಲ್ಲ. ನೆಂಟರು, ತರಗತಿ, ಯಾರದೋ ಮದುವೆ ಸೇರಿ ನುಂಗಿಬಿಡುತ್ತವೆ. ಗಂಟೆ ಗಂಟೆಯ ವೇಳಾಪಟ್ಟಿಯಂತೂ ಬೇಡವೇ ಬೇಡ. ಒಂದು ದಿನಕ್ಕೆ ಒಂದು ಗೊತ್ತಾದ ಕೆಲಸ ಸಾಕು. ಮೂರು ಚೌಕ ಸತತವಾಗಿ ಸುಳ್ಳಾದರೆ ಯೋಜನೆ ಭಾರವಾಗಿದೆ ಎಂದು ತಿಳಿದು ಒಂದನ್ನು ಅಳಿಸಿ.

ಹಂತ 5: ನಿದ್ದೆಯನ್ನು ಏಳುವ ತುದಿಯಿಂದ ಹಿಡಿಯಿರಿ

ರಾತ್ರಿ ಹತ್ತಕ್ಕೆ "ಮಲಗು" ಎಂದು ಕೂಗಿದರೆ ಮಲಗುವುದಿಲ್ಲ, ಮತ್ತು ಅದರಲ್ಲಿ ಹಟಕ್ಕಿಂತ ದೇಹದ ಪಾಲು ದೊಡ್ಡದು. ನಿದ್ದೆ ಬರಿಸುವ ಮೆಲಟೋನಿನ್ ಈ ವಯಸ್ಸಿನಲ್ಲಿ ಚಿಕ್ಕಂದಿಗಿಂತ ಒಂದೆರಡು ಗಂಟೆ ತಡವಾಗಿ ಏರುತ್ತದೆ. ಹತ್ತು ಗಂಟೆಗೆ ಅವರಿಗೆ ನಿಜವಾಗಿಯೂ ನಿದ್ದೆ ಬಂದಿರುವುದಿಲ್ಲ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಶಿಫಾರಸು ಮಾಡಿದೆ. ರಜೆಯಲ್ಲಿ ಅಷ್ಟು ಸಿಗುವುದು ಕಷ್ಟವಲ್ಲ. ಗಡಿಯಾರ ದಿನದಿಂದ ದಿನಕ್ಕೆ ಜಾರುವುದನ್ನು ತಡೆಯುವುದು ಕಷ್ಟ. ಇಂದು ಒಂದಕ್ಕೆ ಮಲಗಿದವರು ಮುಂದಿನ ವಾರ ಮೂರಕ್ಕೆ, ಅದರಾಚೆಯ ವಾರ ಐದಕ್ಕೆ.

ಮೊದಲ ವಾರ ಕಳೆದ ಮೇಲೆ ಹೀಗೆ ಮಾಡಿ. ಮಲಗುವ ಹೊತ್ತಿನ ಚರ್ಚೆ ಕೈಬಿಡಿ. ಏಳುವ ಹೊತ್ತನ್ನು ಮಾತ್ರ ಅವರ ಜೊತೆ ಕೂತು ನಿಗದಿ ಮಾಡಿ. ಶಾಲೆಯ ದಿನಗಳಿಗಿಂತ ಎರಡು ಗಂಟೆ ತಡವಾದರೆ ಚಿಂತೆಯಿಲ್ಲ. ಎಬ್ಬಿಸುವುದು ಅಲಾರಂ ಗಡಿಯಾರದ ಕೆಲಸ, ನಿಮ್ಮದಲ್ಲ. ಗಡಿಯಾರ ಹಾಸಿಗೆಯಿಂದ ಐದು ಹೆಜ್ಜೆ ದೂರವಿರಲಿ. ಎದ್ದ ಒಂದು ಗಂಟೆಯೊಳಗೆ ಇಪ್ಪತ್ತು ನಿಮಿಷ ಹೊರಗಿನ ಬೆಳಕು ಕಣ್ಣಿಗೆ ಬೀಳಲಿ. ಗಿಡಕ್ಕೆ ನೀರು ಹಾಕುವುದೋ, ಮೆಟ್ಟಿಲ ಮೇಲೆ ಕೂರುವುದೋ, ಏನಾದರೂ. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಹಿಂದಕ್ಕೆ ಎಳೆದು, ಆ ರಾತ್ರಿ ನಿದ್ದೆ ಬೇಗ ಬರುವಂತೆ ಮಾಡುತ್ತದೆ. ಕಿಟಕಿಯ ಪರದೆ ಎಳೆದ ಕೋಣೆಯಲ್ಲಿ ಎಚ್ಚರವಾಗಿ ಮಲಗಿರುವುದರಿಂದ ಇದು ಆಗುವುದಿಲ್ಲ.

ಸಂಜೆಯ ಕಾಫಿ, ಟೀ, ಶಕ್ತಿ ಪೇಯಗಳ ಮೇಲೆ ಕಣ್ಣಿರಲಿ. ಕುಡಿದು ಐದು ಗಂಟೆ ಕಳೆದರೂ ಕೆಫೀನಿನ ಸುಮಾರು ಅರ್ಧ ಒಳಗೆ ಉಳಿದಿರುತ್ತದೆ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ದಾಟಿದರೂ ರಾತ್ರಿಯ ಲೆಕ್ಕ ತಪ್ಪುತ್ತದೆ.

ಒಂದು ರಾತ್ರಿ ಗೆಳೆಯರ ಮನೆಯಲ್ಲಿ ಎರಡರವರೆಗೆ ಎಚ್ಚರವಿದ್ದರೆ ಆಕಾಶ ಬೀಳುವುದಿಲ್ಲ. ಮರುದಿನ ಒಂದು ಗಂಟೆ ಹೆಚ್ಚು ಮಲಗಲಿ, ಅದರ ಮರುದಿನ ಹಳೆಯ ಹೊತ್ತಿಗೇ ಅಲಾರಂ.

ಹಂತ 6: ಮೊಬೈಲಿಗೆ ಗಂಟೆಯ ಲೆಕ್ಕ ಬೇಡ, ಜಾಗದ ಲೆಕ್ಕ ಇರಲಿ

"ದಿನಕ್ಕೆ ಎರಡೇ ಗಂಟೆ" ಎಂಬ ನಿಯಮ ಕಾಗದದ ಮೇಲೆ ಚೆನ್ನಾಗಿದೆ. ಅದನ್ನು ಕಾಯಲು ಮನೆಯಲ್ಲೊಬ್ಬ ಪೊಲೀಸ್ ಬೇಕು, ಆ ಪೊಲೀಸ್ ನೀವೇ ಆಗುತ್ತೀರಿ. ಜಾಗದ ನಿಯಮವನ್ನು ಕಾಯುವುದು ಸುಲಭ: ಊಟದ ಹೊತ್ತಿನಲ್ಲಿ ಯಾರ ಕೈಯಲ್ಲೂ ಇಲ್ಲ, ರಾತ್ರಿ ಗೊತ್ತಾದ ಹೊತ್ತಿಗೆ ಎಲ್ಲ ಫೋನುಗಳೂ ಹೊರಗಿನ ಚಾರ್ಜಿಂಗ್ ಜಾಗದಲ್ಲಿ. "ಎಲ್ಲ" ಎಂದರೆ ನಿಮ್ಮದೂ. ಅಪ್ಪನ ಫೋನ್ ದಿಂಬಿನ ಪಕ್ಕದಲ್ಲಿದ್ದರೆ ಈ ಹಂತವನ್ನು ಶುರು ಮಾಡಲೇಬೇಡಿ.

ಅವರ ಜೊತೆ ಕುಳಿತು ವಿಡಿಯೋ ತಾನಾಗಿ ಮುಂದುವರಿಯುವ ಸೌಲಭ್ಯವನ್ನು ನಿಲ್ಲಿಸಿ, ಅಗತ್ಯವಿಲ್ಲದ ಸೂಚನೆಗಳನ್ನು ಬಂದ್ ಮಾಡಿ. ಆಟದ ನಡುವೆ ಫೋನ್ ಕಿತ್ತುಕೊಳ್ಳಬೇಡಿ. ಗುಂಪಿನಲ್ಲಿ ಆಡುವ ಆಟವನ್ನು ನಡುವೆ ಬಿಟ್ಟರೆ ಜೊತೆಯವರೆಲ್ಲ ಸೋಲುತ್ತಾರೆ. ಮೈದಾನದಿಂದ ಕಿವಿ ಹಿಡಿದು ಎಳೆದು ತಂದಷ್ಟೇ ಅವಮಾನ ಅದು. "ಈ ಸುತ್ತು ಮುಗಿಯಲಿ" ಎನ್ನಿ.

ರಜೆಯಲ್ಲಿ ಗೆಳೆಯರು ಇರುವುದೂ ಅದೇ ಫೋನಿನಲ್ಲಿ ಎಂಬುದು ನೆನಪಿರಲಿ. ಬೇರೆ ತಪ್ಪಿಗೆ ಶಿಕ್ಷೆಯಾಗಿ ಅದನ್ನು ಕಸಿದರೆ ಒಂಟಿತನದ ಶಿಕ್ಷೆ ಕೊಟ್ಟ ಹಾಗೆ. ಗಮನಿಸಬೇಕಾದ ಸೂಚನೆಗಳು: ಫೋನ್ ನೋಡಿದ ಕೂಡಲೇ ಮುಖ ಬಾಡುವುದು, ನೀವು ಹತ್ತಿರ ಬಂದರೆ ಗಾಬರಿಯಿಂದ ಪರದೆ ಮುಚ್ಚುವುದು, ಯಾರಿಗೋ ಹಣ ಅಥವಾ ಚಿತ್ರ ಕಳುಹಿಸುವ ಒತ್ತಡ. ಹೀಗಾದಾಗ ಮೊದಲ ಮಾತು "ನಿನ್ನ ಫೋನ್ ಕಿತ್ತುಕೊಳ್ಳುವುದಿಲ್ಲ, ಏನಾಯಿತು ಹೇಳು" ಎಂದಿರಲಿ. ಬಹಳಷ್ಟು ಮಕ್ಕಳು ಸುಮ್ಮನಾಗುವುದು ಆ ಭಯದಿಂದಲೇ.

ಹಂತ 7: "ಬೇಜಾರು" ಎಂದಾಗ ಏನೂ ಮಾಡಬೇಡಿ

ಮೂರನೆಯ ವಾರದ ಹೊತ್ತಿಗೆ ಈ ಮಾತು ಬರುತ್ತದೆ. ಬಂದರೆ ಹಿಂದಿನ ಹಂತಗಳು ಸರಿಯಾಗಿ ನಡೆದಿವೆ ಎಂದರ್ಥ. ಆಗ ಪುಸ್ತಕ ಓದು, ಚಿತ್ರ ಬರೆ, ಹೊರಗೆ ಹೋಗು ಎಂದು ಪಟ್ಟಿ ಒಪ್ಪಿಸಬೇಡಿ. ಒಂದೊಂದಕ್ಕೂ "ಊಹೂಂ" ಎನ್ನುವುದೇ ಒಂದು ಆಟವಾಗುತ್ತದೆ, ಅದರಲ್ಲಿ ಸೋಲುವುದು ನೀವು. "ಹೂಂ, ಕೆಲವು ದಿನ ಹಾಗೇ" ಎಂದು ನಿಮ್ಮ ಕೆಲಸ ಮುಂದುವರಿಸಿ. ಅರ್ಧ ಮುಕ್ಕಾಲು ಗಂಟೆ ಮನೆಯಲ್ಲಿ ಅಲೆದಾಟ, ನಿಟ್ಟುಸಿರು, ತಮ್ಮನನ್ನು ಕೆಣಕುವುದು ನಡೆಯುತ್ತದೆ. ಸಹಿಸಿಕೊಳ್ಳಿ.

ನೀವು ಮಾಡಬಹುದಾದ ಒಂದು ಕೆಲಸವಿದೆ, ಅದೂ ಮುಂಚಿತವಾಗಿ. ಸಾಮಾನುಗಳು ಕಣ್ಣಿಗೆ ಬೀಳುವಂತೆ, ಕೇಳದೆ ತೆಗೆದುಕೊಳ್ಳುವಂತೆ ಇರಲಿ: ಸ್ಕ್ರೂಡ್ರೈವರ್ ಮತ್ತು ಕೆಟ್ಟುಹೋದ ರೇಡಿಯೋ, ಬಣ್ಣ, ಸೂಜಿದಾರ, ಹಳೆಯ ಫೋಟೊಗಳ ಡಬ್ಬಿ, ಸೈಕಲ್ ಪಂಪು. ಕಪಾಟಿನೊಳಗೆ ಒಪ್ಪವಾಗಿಟ್ಟ ಬಣ್ಣವನ್ನು ಯಾರೂ ಮುಟ್ಟುವುದಿಲ್ಲ. ಒಂದು ವೇಳೆ ರೇಡಿಯೋ ಬಿಚ್ಚಿ ನೆಲದ ತುಂಬ ಹರಡಿದರೆ, ಹೊಗಳಲೂ ಬೇಡಿ, ಬಾಚಲೂ ಬೇಡಿ. ಎರಡು ದಿನ ದಾಟಿಕೊಂಡು ಓಡಾಡಿ. ವಿದ್ಯುತ್ತಿಗೆ ಜೋಡಿಸಿದ್ದನ್ನು, ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯನ್ನು ಮಾತ್ರ ಬಿಚ್ಚಲು ಕೊಡಬೇಡಿ; ಅಂಥ ಟಿವಿಯಲ್ಲಿ ಪ್ಲಗ್ ತೆಗೆದ ಮೇಲೂ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಹಂತ 8: ಹೊರಗೆ, ಬಿಸಿಲಲ್ಲಿ, ನೀರಲ್ಲಿ

5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಅದಕ್ಕೆ "ವ್ಯಾಯಾಮ" ಎಂದು ಹೆಸರಿಟ್ಟರೆ ಮುಗಿಯಿತು. ಸೈಕಲ್ಲಿನಲ್ಲಿ ಗೆಳತಿಯ ಮನೆ, ಸಂಜೆಯ ಆಟ, ಬಾಗಿಲು ಹಾಕಿಕೊಂಡು ಕುಣಿತ ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಬಿರುಬೇಸಿಗೆಯಲ್ಲಿ ಆಟ ಬೆಳಗ್ಗೆ ಅಥವಾ ಸಂಜೆಗೆ. ತಿಂಗಳುಗಟ್ಟಲೆ ತರಗತಿಯಲ್ಲಿ ಕುಳಿತ ಮೈ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನವೇ ಮೂರು ಗಂಟೆಯ ಪಂದ್ಯ ಬೇಡ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ನೆರಳು, ನೀರು, ವಿಶ್ರಾಂತಿ. ಮಾತು ತೊದಲಿದರೆ, ಗೊಂದಲದಿಂದ ವರ್ತಿಸಿದರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ: ಆಂಬುಲೆನ್ಸ್ ಕರೆಯಿರಿ, ಬರುವವರೆಗೆ ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ನೀರಿನ ವಿಷಯದಲ್ಲಿ ಚೌಕಾಸಿ ಇಲ್ಲ. ಕೆರೆ, ನದಿ, ಸಮುದ್ರ ಎಲ್ಲೇ ಆಗಲಿ ಒಂಟಿಯಾಗಿ ಇಳಿಯುವಂತಿಲ್ಲ, ಆಳ ಗೊತ್ತಿಲ್ಲದ ಕಡೆ ತಲೆಕೆಳಗಾಗಿ ಧುಮುಕುವಂತಿಲ್ಲ. ಮುಳುಗುತ್ತಿರುವವರನ್ನು ಹಿಡಿಯಲು ತಾವೂ ಹಾರಬಾರದು. ಹಗ್ಗ, ಕೋಲು, ತೇಲುವ ಡಬ್ಬಿ ಎಸೆಯಬೇಕು. ಇದನ್ನು ಬಾಯಿಪಾಠ ಬರುವಷ್ಟು ಸಲ ಹೇಳಿ. ಗೆಳೆಯನನ್ನು ಉಳಿಸಲು ಹೋದವರೂ ಮುಳುಗುತ್ತಾರೆ.

ಹಂತ 9: ಒಂದು ಜವಾಬ್ದಾರಿ, ಒಂದು ಜೇಬು

ನಾಲ್ಕನೆಯ ವಾರದ ಆಸುಪಾಸಿನಲ್ಲಿ ಮನೆಯ ಒಂದು ಕೆಲಸವನ್ನು ಪೂರ್ತಿಯಾಗಿ ಬಿಟ್ಟುಕೊಡಿ. ವಾರಕ್ಕೊಂದು ದಿನದ ರಾತ್ರಿ ಅಡುಗೆ ಎಂದಿಟ್ಟುಕೊಳ್ಳಿ. ಏನು ಎಂದು ತೀರ್ಮಾನಿಸುವುದು, ಸಾಮಾನು ತರುವುದು, ಒಲೆ ಒರೆಸುವುದು ಎಲ್ಲವೂ ಅವರದೇ. ಉಪ್ಪು ಹೆಚ್ಚಾದರೆ ನೀರು ಕುಡಿದು ಊಟ ಮಾಡಿ. ಪಕ್ಕದಲ್ಲಿ ನಿಂತು ಸೌಟು ತಿರುಗಿಸಿದರೆ ಅದು ಮತ್ತೆ ನಿಮ್ಮ ಅಡುಗೆ.

ಕೈಖರ್ಚಿನ ಹಣವನ್ನು ಮೊದಲ ದಿನವೇ ಒಟ್ಟಾಗಿ ಕೊಟ್ಟು ಮುಗಿಸುವವರಿದ್ದಾರೆ, ಕೇಳಿದಾಗಲೆಲ್ಲ ಕೊಡುವವರೂ ಇದ್ದಾರೆ. ವಾರಕ್ಕೊಮ್ಮೆ ಗೊತ್ತಾದ ದಿನ ಕೊಟ್ಟು, ನಡುವೆ ಮುಗಿದರೆ ಸೇರಿಸದಿರುವುದು ನನಗೆ ಸರಿ ಕಂಡಿದೆ.

ನೀವು ಹಗಲಿಡೀ ಕೆಲಸಕ್ಕೆ ಹೋಗುವವರಾದರೆ ಈ ಹಂತವನ್ನು ಎರಡನೆಯ ವಾರಕ್ಕೇ ತನ್ನಿ; ಕ್ರಮ ಬದಲಿಸಬಹುದಾದದ್ದು ಇದೊಂದೇ. ಒಬ್ಬರೇ ಇರುವಾಗ ಗ್ಯಾಸ್ ಹೇಗೆ ಮುಚ್ಚಬೇಕು, ಮುಖ್ಯ ಸ್ವಿಚ್ ಎಲ್ಲಿದೆ, ಬಾಗಿಲು ಯಾರಿಗೆ ತೆರೆಯಬಾರದು, ತುರ್ತಿನಲ್ಲಿ ಯಾವ ಮೂವರಿಗೆ ಕರೆ ಮಾಡಬೇಕು ಎಂಬುದನ್ನು ಹೇಳಿ ಬಿಟ್ಟರೆ ಸಾಲದು, ಒಮ್ಮೆ ಮಾಡಿಸಿ ನೋಡಿ. ಮಧ್ಯಾಹ್ನ ಒಂದೇ ಕರೆ. ಗಂಟೆಗೊಮ್ಮೆ ಬರುವ ಕರೆಯನ್ನು ಅವರು ಎತ್ತುವುದನ್ನೇ ಬಿಡುತ್ತಾರೆ.

ಯಾವ ಹಂತದಲ್ಲಾದರೂ ನಿಂತು ನೋಡಬೇಕಾದ ಸೂಚನೆಗಳು

ಬಾಗಿಲು ಹಾಕಿಕೊಳ್ಳುವುದು ಸಹಜ. ಎರಡು ವಾರ ಕಳೆದರೂ ದಿನದ ಬಹುಪಾಲು ಮಂಕು ಅಥವಾ ಸಿಡುಕು, ಇಷ್ಟವಾಗಿದ್ದ ಆಟ ಗೆಳೆಯರು ಯಾವುದೂ ಬೇಡವಾಗುವುದು, ಊಟ ತೀರಾ ಕಡಿಮೆ ಅಥವಾ ತೀರಾ ಹೆಚ್ಚಾಗುವುದು, ಸೆಕೆಯಲ್ಲೂ ತೋಳು ಮುಚ್ಚುವ ಬಟ್ಟೆಯನ್ನೇ ಹಠ ಹಿಡಿದು ತೊಡುವುದು, "ನಾನು ಇಲ್ಲದಿದ್ದರೆ ಒಳ್ಳೆಯದಿತ್ತು" ಎಂಬ ಧಾಟಿಯ ಮಾತು ಇವು ರಜೆಯ ಆಲಸ್ಯವಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿಗೆ ಹೋಗಿ. ಉಳಿದ ಹಂತಗಳೆಲ್ಲ ಕಾಯಲಿ.

ಹಂತ 10: ಕೊನೆಯ ಹನ್ನೆರಡು ದಿನ

ಶಾಲೆಗೆ ಏಳಕ್ಕೆ ಏಳಬೇಕು, ರಜೆಯಲ್ಲಿ ಏಳುತ್ತಿರುವುದು ಒಂಬತ್ತಕ್ಕೆ ಎನ್ನಿ. ನಡುವೆ 120 ನಿಮಿಷ. ದಿನಕ್ಕೆ 15 ನಿಮಿಷದಂತೆ ಹಿಂದಕ್ಕೆ ತಂದರೆ ಎಂಟು ದಿನ, ಎಡವಟ್ಟುಗಳಿಗೆ ಇನ್ನು ನಾಲ್ಕು. ಹಂತ 5 ಕೈತಪ್ಪಿ ಹನ್ನೊಂದಕ್ಕೆ ಏಳುತ್ತಿದ್ದರೆ 240 ನಿಮಿಷ. ದಿನಕ್ಕೆ 20 ನಿಮಿಷದಂತೆ ಸರಿಯಾಗಿ ಹನ್ನೆರಡು ದಿನ. ಒಂದೇ ರಾತ್ರಿಯಲ್ಲಿ ಸರಿಮಾಡುತ್ತೇನೆ ಎಂದು ಇಡೀ ರಾತ್ರಿ ಎಚ್ಚರವಿರುವ ಉಪಾಯವನ್ನು ಅವರು ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ.

ರಜೆಯ ಕೆಲಸ ಉಳಿದಿದ್ದರೆ ಈ ದಿನಗಳ ಬೆಳಗಿಗೆ ಹಂಚಿ. ಎದ್ದ ಮೇಲೆ ಮಾಡಲು ಏನಾದರೂ ಇದ್ದರೆ ಏಳುವುದು ಸುಲಭ. ಮೂರು ದಿನ ಮೊದಲು ಶಾಲೆಯ ಚೀಲವನ್ನು ಅವರಿಂದಲೇ ತೆರೆಸಿ. ಒಳಗೆ ಏನಿರುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ, ಕಿಟಕಿ ತೆರೆದಿಡಿ ಎಂದಷ್ಟೇ ಹೇಳುತ್ತೇನೆ. ಸಮವಸ್ತ್ರವನ್ನೂ ಶೂಗಳನ್ನೂ ಅಂದೇ ಹಾಕಿ ನೋಡಲಿ. ಈ ವಯಸ್ಸಿನ ಪಾದ ಎರಡು ತಿಂಗಳಲ್ಲಿ ಬೆಳೆದಿರಬಹುದು, ಅದು ಗೊತ್ತಾಗುವುದು ಶಾಲೆ ತೆರೆಯುವ ಹಿಂದಿನ ರಾತ್ರಿ ಎಂಟೂವರೆಗೆ, ಅಂಗಡಿಗಳು ಬಾಗಿಲೆಳೆಯುವ ಹೊತ್ತಿಗೆ.